ಡ್ರಿಪ್ ನಿಂತುಹೋಗಿದೆಯಾ? ರೋಲರ್ ಮುಟ್ಟುವ ಮೊದಲು ಕೈ ನೋಡಿ

ರಾತ್ರಿ ಡ್ಯೂಟಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: "ಸಿಸ್ಟರ್, ಬಾಟ್ಲಿ ನಿಂತೋಗಿದೆ." ಮೆಡಿಕಲ್ ವಾರ್ಡಿನಲ್ಲಿ ಒಂದೇ ರಾತ್ರಿ ಹತ್ತು ಹನ್ನೆರಡು ಸಲ ಕೇಳಿಸುತ್ತದೆ. ಆಗ ನಾವು ಏನು ಮಾಡುತ್ತೇವೆ? ಹೋಗುತ್ತೇವೆ, ರೋಲರ್ (ಟ್ಯೂಬಿನ ಮೇಲೆ ಹನಿಯ ವೇಗ ಹೊಂದಿಸುವ ಪುಟ್ಟ ಚಕ್ರ) ಪೂರ್ತಿ ಬಿಡುತ್ತೇವೆ, ಹನಿ ಬಿತ್ತಾ, ಸರಿ, ಮುಂದಿನ ಮಂಚ. ಹೊಸದಾಗಿ ವಾರ್ಡಿಗೆ ಬಂದ ಹುಡುಗಿಯರು ಈ ಅಭ್ಯಾಸವನ್ನು ಮೊದಲ ವಾರದಲ್ಲೇ ಕಲಿತುಬಿಡುತ್ತಾರೆ, ಯಾಕೆಂದರೆ ನಾವು ದೊಡ್ಡವರೇ ಹಾಗೆ ಮಾಡುವುದನ್ನು ಅವರು ನೋಡಿರುತ್ತಾರೆ.

ಒಂದು ರಾತ್ರಿ ನಡೆದದ್ದು ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಜ್ವರ, ವಾಂತಿ, ಹೃದಯ ಮೊದಲೇ ಸ್ವಲ್ಪ ದುರ್ಬಲ. ಬೇರೆಲ್ಲೂ ನರ (ರಕ್ತನಾಳ) ಸಿಗದೆ ಮೊಣಕೈ ಮಡಿಕೆಯಲ್ಲಿ ಪಿಂಕ್ ಕ್ಯಾನುಲಾ, ಅಂದರೆ ನರದೊಳಗೆ ಕೂರುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಹಾಕಿದ್ದರು. ಡಿಎನ್‌ಎಸ್ (ಗ್ಲೂಕೋಸ್ ಬೆರೆತ ಸಲೈನ್) 500 ಎಂಎಲ್, 8 ಗಂಟೆಗೆ, ಅಂದರೆ ನಿಮಿಷಕ್ಕೆ 21 ಹನಿ. ರಾತ್ರಿ ಒಂದು ಗಂಟೆಗೆ ಡ್ರಿಪ್ ನಿಂತಿತು. ಅಜ್ಜಿ ಚಳಿಗೆ ಕಂಬಳಿಯೊಳಗೆ ಕೈ ಮಡಚಿ ಎದೆ ಮೇಲೆ ಇಟ್ಟುಕೊಂಡು ಮಲಗಿದ್ದರು. ಜೂನಿಯರ್ ಸಿಸ್ಟರ್ ಹೋಗಿ ರೋಲರ್ ಪೂರ್ತಿ ತೆಗೆದಳು. ಮಡಚಿದ ಕೈಯಲ್ಲೂ ಒಂದಿಷ್ಟು ಹನಿ ಬಿತ್ತು, ಸರಿಹೋಯಿತು ಅಂದುಕೊಂಡು ಬಂದಳು. ಆಮೇಲೆ ನಿದ್ದೆಯಲ್ಲಿ ಅಜ್ಜಿ ಕೈ ನೀಟಾಗಿ ಚಾಚಿದರು. ಬಾಟಲಿ ಖಾಲಿಯಾಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾನು ಹೋದಾಗ ಅವರು ಮಂಚದ ಅಂಚಿನಲ್ಲಿ ಎದ್ದು ಕೂತು, ಎರಡೂ ಕೈ ಊರಿಕೊಂಡು, "ಉಸ್ರು ಕಟ್ದಂಗಾಯ್ತೈತೆ ಕಣವ್ವಾ" ಅನ್ನುತ್ತಿದ್ದರು. ಡ್ಯೂಟಿ ಡಾಕ್ಟರ್ ಓಡಿ ಬಂದರು, ತಲೆ ಕಡೆ ಎತ್ತಿಟ್ಟು ಆಕ್ಸಿಜನ್ ಹಾಕಿ, ಹೆಚ್ಚಾದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಲ್ಯಾಸಿಕ್ಸ್ ಕೊಟ್ಟರು, ಬೆಳಗಿನ ಹೊತ್ತಿಗೆ ಚೇತರಿಸಿಕೊಂಡರು. ಆ ಹುಡುಗಿಯ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಹೇಳಿಕೊಡಬೇಕಾಗಿದ್ದವಳು ನಾನು. ಅವತ್ತಿನಿಂದ ನನ್ನ ವಾರ್ಡಿನಲ್ಲಿ ಒಂದೇ ನಿಯಮ: ಡ್ರಿಪ್ ನಿಂತರೆ ಮೊದಲು ಕೈ, ಆಮೇಲೆ ಟ್ಯೂಬು, ಆಮೇಲೆ ಬಾಟಲಿ. ರೋಲರ್ ಎಲ್ಲಕ್ಕಿಂತ ಕೊನೆಗೆ.

ಯಾಕೆ ಕೊನೆಗೆ? ರೋಲರ್ ತಾನಾಗಿ ಅಷ್ಟು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಸಂಜೆ 21 ಹನಿಗೆ ಇಟ್ಟ ರೋಲರ್ ರಾತ್ರಿ ಒಂದಕ್ಕೂ ಅಲ್ಲೇ ಇದೆ ಅಂದಮೇಲೆ, ಹನಿ ನಿಂತಿದ್ದಕ್ಕೆ ಕಾರಣ ಬೇರೆಲ್ಲೋ ಇದೆ ಅಂತಲೇ ಅರ್ಥ, ಅಲ್ವಾ? ಆ ಕಾರಣ ಹುಡುಕದೆ ರೋಲರ್ ಬಿಟ್ಟರೆ ಒಂದು ಅಡ್ಡಿಯ ಜೊತೆಗೆ ಇನ್ನೊಂದು ಅಪಾಯ ಸೇರಿಸಿದ ಹಾಗೆ.

ಕೈಯಿಂದ ಶುರು ಮಾಡಿ

ಕಂಬಳಿ ಸರಿಸಿ, ಲೈಟ್ ಹಾಕಿ. ರೋಗಿ ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂತ ಸಂಕೋಚಪಡಬೇಡಿ. ಕೈ ಮಡಚಿದೆಯಾ, ಮೈ ಕೆಳಗೆ ಸಿಕ್ಕಿಕೊಂಡಿದೆಯಾ, ಮಣಿಕಟ್ಟು ಬಗ್ಗಿದೆಯಾ ನೋಡಿ. ಕೈ ನಿಧಾನವಾಗಿ ನೀಟ ಮಾಡಿದ ಕೂಡಲೇ ಹನಿ ಶುರುವಾದರೆ ಕಾರಣ ಸಿಕ್ಕಿತು. ಕೀಲಿನ ಮೇಲೆ ಕ್ಯಾನುಲಾ ಇದ್ದರೆ ಇದು ಮತ್ತೆ ಮತ್ತೆ ಆಗುತ್ತದೆ. ಮುಂಗೈಯಲ್ಲಿ ಒಳ್ಳೆ ನರ ಸಿಗುವ ಹಾಗಿದ್ದರೆ ಅಲ್ಲಿಗೆ ಬದಲಾಯಿಸುವುದೇ ಒಳ್ಳೆಯದು, ಇಲ್ಲದಿದ್ದರೆ ಕೈ ಮಡಚದಂತೆ ಸ್ಪ್ಲಿಂಟ್ ಕಟ್ಟಿ.

ಅದೇ ಕೈಯಲ್ಲಿ ಬಿಪಿ ಪಟ್ಟಿ ಇದೆಯಾ? ಮಾನಿಟರ್ ಹದಿನೈದು ನಿಮಿಷಕ್ಕೊಮ್ಮೆ ಪಟ್ಟಿ ಉಬ್ಬಿಸುತ್ತಿದ್ದರೆ ಅಷ್ಟಷ್ಟು ಹೊತ್ತು ಡ್ರಿಪ್ ನಿಲ್ಲುತ್ತದೆ, ಕೆಲವೊಮ್ಮೆ ರಕ್ತ ಟ್ಯೂಬಿಗೆ ಹಿಂದಕ್ಕೆ ಬಂದು ತುದಿಯಲ್ಲಿ ಹೆಪ್ಪುಗಟ್ಟುತ್ತದೆ. ಪಟ್ಟಿಯನ್ನು ಇನ್ನೊಂದು ಕೈಗೆ ಹಾಕಿ. ಟೂರ್ನಿಕೆ (ನರ ಉಬ್ಬಲಿ ಅಂತ ತೋಳಿಗೆ ಕಟ್ಟುವ ಪಟ್ಟಿ) ಬಿಚ್ಚಲು ಮರೆತದ್ದನ್ನೂ ನಾನು ನೋಡಿದ್ದೇನೆ. ತುಂಬು ತೋಳಿನ ಸ್ವೆಟರ್ ಒಳಗೆ ಅದು ಕಾಣಿಸಲೇ ಇಲ್ಲ. ಬಿಗಿಯಾದ ಬಳೆ, ಕಟ್ಟಿದ ದಾರ ಕೂಡ ಇದೇ ಕೆಲಸ ಮಾಡುತ್ತವೆ.

ಇನ್ನು ಮುಖ್ಯವಾದದ್ದು, ಊತ. ನಾವು ವಾರ್ಡಿನಲ್ಲಿ "ಔಟ್ ಆಗಿದೆ" ಅನ್ನುತ್ತೇವಲ್ಲ, ಅದು. ಕ್ಯಾನುಲಾದ ತುದಿ ನರದಿಂದ ಆಚೆ ಬಂದು ನೀರು ಚರ್ಮದ ಕೆಳಗೆ ತುಂಬಿಕೊಳ್ಳುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ, ಚರ್ಮ ಬಿಗಿ, ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಹೊಳೆಯುತ್ತದೆ. ಇದಕ್ಕೆ ವಿರುದ್ಧವಾಗಿ ಕೆಂಪಾಗಿ, ಬೆಚ್ಚಗೆ, ನರ ದಾರದ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ನೋವು ಇದ್ದರೆ ಅದು ನರದ ಉರಿಯೂತ, ನಾವು ಥ್ರಾಂಬೋ ಆಗಿದೆ ಅನ್ನುವುದು. ಎರಡರಲ್ಲಿ ಯಾವುದಾದರೂ ಆ ಕ್ಯಾನುಲಾ ತೆಗೆಯಬೇಕು. "ಇನ್ನೊಂದು ಆ್ಯಂಟಿಬಯಾಟಿಕ್ ಡೋಸ್ ಮುಗಿಯಲಿ" ಅಂತ ಉಳಿಸಿಕೊಳ್ಳಬೇಡಿ.

ಹನಿ ಬೀಳುತ್ತಿದೆ ಅಂದಮಾತ್ರಕ್ಕೆ ನರದೊಳಗೆ ಹೋಗುತ್ತಿದೆ ಅಂತಲ್ಲ. ಚರ್ಮದ ಕೆಳಗೂ ಹೋಗುತ್ತದೆ, ಊತ ಬಿಗಿಯಾಗುವ ತನಕ ಆರಾಮವಾಗಿ ಹೋಗುತ್ತದೆ. ಮಕ್ಕಳ ವಾರ್ಡಿನಲ್ಲಿ ಎರಡು ವರ್ಷದ ಒಂದು ಮಗು ಗಂಟೆಗಟ್ಟಲೆ ಅಳುತ್ತಿತ್ತು. ಕೈಗೆ ರಟ್ಟಿನ ಸ್ಪ್ಲಿಂಟ್ ಇಟ್ಟು, ಕಿತ್ತುಕೊಳ್ಳಬಾರದು ಅಂತ ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜ್ ಸುತ್ತಿದ್ದರು. ಡ್ರಿಪ್ ನಿಧಾನವಾಗಿ ನಡೆಯುತ್ತಲೇ ಇತ್ತು. ತಾಯಿ ಮಾತ್ರ "ಇದು ಹಸಿವಿನ ಅಳು ಅಲ್ಲ ಸಿಸ್ಟರ್, ನಂಗೆ ಗೊತ್ತಾಗುತ್ತೆ" ಅಂತ ಮೂರು ಸಲ ಬಂದು ಹೇಳಿದರು. ಕತ್ತರಿಯಿಂದ ಬ್ಯಾಂಡೇಜ್ ಕತ್ತರಿಸುತ್ತಾ ಹೋದಂತೆ ಮೊದಲು ಊದಿದ ಬೆರಳು, ಆಮೇಲೆ ಬನ್ನಿನ ಹಾಗೆ ಉಬ್ಬಿದ ಹಿಂಗೈ, ಅದರ ಮೇಲೆ ಬ್ಯಾಂಡೇಜಿನ ನೇಯ್ಗೆಯ ಅಚ್ಚು. ಆ ಪುಟ್ಟ ಕೈ ನನ್ನ ಕಣ್ಣಿಂದ ಹೋಗಿಲ್ಲ. ಸೂಜಿ ಚುಚ್ಚಿದ ಜಾಗ ಯಾವತ್ತೂ ಕಣ್ಣಿಗೆ ಕಾಣುವಂತಿರಬೇಕು. ಪಾರದರ್ಶಕ ಡ್ರೆಸಿಂಗ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಪ್ಲಾಸ್ಟರನ್ನು ಕ್ಯಾನುಲಾದ ರೆಕ್ಕೆಗಳ ಮೇಲೆ ಅಂಟಿಸಿ, ತುದಿಯ ಜಾಗ ತೆರೆದಿಡಿ. ಅನುಮಾನ ಬಂದರೆ ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಊತ ಇದೆಯೋ ಇಲ್ಲವೋ ಸ್ಪಷ್ಟವಾಗದಿದ್ದರೆ ಒಂದು ಸರಳ ಪರೀಕ್ಷೆ ಇದೆ. ಕ್ಯಾನುಲಾದ ತುದಿ ಇರುವ ಜಾಗಕ್ಕಿಂತ ಸ್ವಲ್ಪ ಮೇಲೆ, ಭುಜದ ಕಡೆಗೆ, ನರದ ಮೇಲೆ ಬೆರಳಿಂದ ಒತ್ತಿ. ಡ್ರಿಪ್ ನಿಂತರೆ ನೀರು ನರದಲ್ಲೇ ಹೋಗುತ್ತಿತ್ತು ಅಂತ ಅರ್ಥ. ಒತ್ತಿದರೂ ಹನಿ ಹಾಗೇ ಬೀಳುತ್ತಿದ್ದರೆ ನೀರು ಬೇರೆಲ್ಲೋ ಸೇರುತ್ತಿದೆ. ಬಾಟಲಿಯನ್ನು ಮಂಚಕ್ಕಿಂತ ಕೆಳಗೆ ಇಳಿಸಿ ರಕ್ತ ವಾಪಸ್ ಬರುತ್ತದಾ ನೋಡುವುದು ಎಲ್ಲರಿಗೂ ಗೊತ್ತು, ಆದರೆ ಅದೊಂದನ್ನೇ ನಂಬಬೇಡಿ. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗಲೂ ರಕ್ತ ಬರಬಹುದು, ಸಣ್ಣ ನರದಲ್ಲಿ ಸರಿಯಾಗಿದ್ದರೂ ಬರದೇ ಇರಬಹುದು.

ಊತ ಇದ್ದಾಗ ಯಾವ ಔಷಧಿ ಹೋಗುತ್ತಿತ್ತು ಅಂತ ತಕ್ಷಣ ನೋಡಿ. ಬರೀ ಎನ್‌ಎಸ್ (ಸಾದಾ ಸಲೈನ್) ಅಥವಾ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ದ್ರವ) ಆದರೆ ಕ್ಯಾನುಲಾ ತೆಗೆದು, ಕೈ ಎತ್ತರಕ್ಕಿಟ್ಟರೆ ಊತ ಇಳಿಯುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್, ನಾರ್‌ಅಡ್ರಿನಲಿನ್, ಫೆನಿಟಾಯಿನ್, 25% ಡೆಕ್ಸ್‌ಟ್ರೋಸ್, ಪೊಟ್ಯಾಷಿಯಂ, ಕ್ಯಾನ್ಸರ್ ಔಷಧಿ, ಇವೇನಾದರೂ ಆಗಿದ್ದರೆ ವಿಷಯ ಬೇರೆ. ಇವು ಚರ್ಮವನ್ನು ಸುಟ್ಟುಹಾಕುತ್ತವೆ. ಡ್ರಿಪ್ ನಿಲ್ಲಿಸಿ, ಕ್ಯಾನುಲಾವನ್ನು ಆತುರದಲ್ಲಿ ಕೀಳದೆ, ಮೊದಲು ಡಾಕ್ಟರನ್ನು ಕರೆಯಿರಿ. ಒಳಗಿರುವುದನ್ನು ಅದೇ ಕ್ಯಾನುಲಾದಿಂದ ಹಿಂದಕ್ಕೆ ಎಳೆಯಬೇಕಾಗಬಹುದು.

ಕೈ ಸರಿಯಿದೆ, ಈಗ ಟ್ಯೂಬು

ಕ್ಯಾನುಲಾದಿಂದ ಶುರುಮಾಡಿ ಬೆರಳಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹೋಗಿ. ಕಣ್ಣಲ್ಲಿ ನೋಡಿದರೆ ಸಾಲದು. ಟ್ಯೂಬು ರೋಗಿಯ ಬೆನ್ನಡಿ ಹೋಗಿರುತ್ತದೆ, ಮಂಚದ ಕಂಬಿಗೆ ಸಿಕ್ಕಿರುತ್ತದೆ, ಪ್ಲಾಸ್ಟರ್ ಕೆಳಗೇ ಮಡಚಿರುತ್ತದೆ. ತ್ರೀವೇ (ಮೂರು ದಾರಿಯ ಪುಟ್ಟ ನಲ್ಲಿ) ಇದ್ದರೆ ಅದರ ಹಿಡಿ ಯಾವ ಕಡೆಗಿದೆ ನೋಡಿ. ಇಂಜೆಕ್ಷನ್ ಕೊಟ್ಟವರು ತಿರುಗಿಸಿ ಹಾಗೇ ಬಿಟ್ಟು ಹೋಗಿರುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಇದಕ್ಕೆ ಅರ್ಧ ನಿಮಿಷ ಸಾಕು.

ಹೆಪ್ಪು ಕಟ್ಟಿದೆ ಅನ್ನಿಸಿದರೆ ಎಚ್ಚರ. ಬಾಟಲಿ ಖಾಲಿಯಾಗಿ ಯಾರೂ ನೋಡದೆ ಅರ್ಧ ಗಂಟೆ ಬಿಟ್ಟರೆ ರಕ್ತ ಹಿಂದಕ್ಕೆ ಬಂದು ಕ್ಯಾನುಲಾದಲ್ಲಿ ಕೂರುತ್ತದೆ. ರೋಗಿ ಬಾಟಲಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದುಕೊಂಡು ಬಾತ್‌ರೂಮಿಗೆ ಹೋಗಿ ಬಂದರೂ ಹೀಗೇ. ಆಗ 10 ಎಂಎಲ್ ಸಿರಿಂಜಿನಲ್ಲಿ ಸಲೈನ್ ತೆಗೆದುಕೊಂಡು ಮೊದಲು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ರಕ್ತ ಬಂದರೆ ಸಲೈನನ್ನು ನಿಧಾನವಾಗಿ ಒಳಗೆ ತಳ್ಳಿ ಫ್ಲಶ್ ಮಾಡಿ. ತಡೆದರೆ ಅಲ್ಲಿಗೇ ಬಿಡಿ. ಸುಮ್ನೆ 2 ಎಂಎಲ್ ಸಿರಿಂಜ್ ತಗೊಂಡು ಜೋರಾಗಿ ತಳ್ಳುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಸಿರಿಂಜ್ ಚಿಕ್ಕದಾದಷ್ಟೂ ಅದೇ ಬೆರಳಿನ ಬಲಕ್ಕೆ ಒತ್ತಡ ಜಾಸ್ತಿ. ನರ ಒಡೆಯಬಹುದು, ಹೆಪ್ಪು ಒಳಕ್ಕೆ ಹೋಗಬಹುದು. ಹೊಸ ಕ್ಯಾನುಲಾ ಹಾಕುವುದು ಇದಕ್ಕಿಂತ ಎಷ್ಟೋ ಮೇಲು.

ಕೆಲವೊಮ್ಮೆ ಕ್ಯಾನುಲಾದ ತುದಿ ನರದ ಗೋಡೆಗೆ ಅಥವಾ ಒಳಗಿನ ಕವಾಟಕ್ಕೆ ಒತ್ತಿಕೊಂಡಿರುತ್ತದೆ. ಊತ ಇಲ್ಲ, ನೋವಿಲ್ಲ, ಆದರೂ ಹನಿ ತಡೆದು ತಡೆದು ಬೀಳುತ್ತದೆ. ಹಬ್ (ಕ್ಯಾನುಲಾದ ಹೊರಗಿನ ಬುಡ) ಕೆಳಗೆ ಸಣ್ಣ ಗಾಜ್ ಬಟ್ಟೆಯ ತುಂಡು ಇಟ್ಟು ಕೋನ ಸ್ವಲ್ಪ ಬದಲಿಸಿದರೆ, ಅಥವಾ ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಮತ್ತೆ ಪ್ಲಾಸ್ಟರ್ ಹಾಕಿದರೆ ಸರಿಹೋಗುತ್ತದೆ. ಹೊರಗೆ ಬಂದ ಭಾಗವನ್ನು ಮತ್ತೆ ಒಳಕ್ಕೆ ತಳ್ಳಬೇಡಿ.

ಬಾಟಲಿ, ಗಾಳಿ ಮತ್ತು ಎತ್ತರ

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬರುವುದು ಸ್ವಲ್ಪ ಗಟ್ಟಿ ಪ್ಲಾಸ್ಟಿಕ್ ಬಾಟಲಿ. ಮೆತ್ತನೆ ಚೀಲವಾದರೆ ನೀರು ಖಾಲಿಯಾದಂತೆ ತಾನೇ ಕುಗ್ಗುತ್ತದೆ. ಬಾಟಲಿ ಹಾಗಲ್ಲ. ಅದರೊಳಗೆ ಗಾಳಿ ಹೋಗದಿದ್ದರೆ ನೀರು ಕೆಳಗೆ ಬರುವುದಿಲ್ಲ. ಬಾಟಲಿ ಒಳಕ್ಕೆ ಸೊಟ್ಟಗಾಗಿ ಎಳೆದುಕೊಂಡಿದ್ದರೆ ಗಾಳಿ ಸಿಗುತ್ತಿಲ್ಲ ಅಂತಲೇ ತಿಳಿಯಿರಿ. ಸೆಟ್‌ನ (ಬಾಟಲಿಗೆ ಚುಚ್ಚುವ ಟ್ಯೂಬಿನ ಜೋಡಣೆ) ಮೊನೆಯ ಪಕ್ಕದಲ್ಲಿ ಪುಟ್ಟ ಮುಚ್ಚಳವಿರುತ್ತದೆ, ಅದನ್ನು ತೆರೆದರೆ ಸಾಕು. ಬಾಟಲಿಯ ತಲೆಗೆ ಸೂಜಿ ಚುಚ್ಚಿ ಗಾಳಿ ಬಿಡುವ ಪದ್ಧತಿ ಇನ್ನೂ ಇದೆ. ವಾರ್ಡಿನ ಗಾಳಿ, ಧೂಳು ಎಲ್ಲ ನೇರವಾಗಿ ರೋಗಿಯ ನರಕ್ಕೆ ಹೋಗುವ ನೀರಿಗೇ ಸೇರುತ್ತದೆ. ದಯವಿಟ್ಟು ಮಾಡಬೇಡಿ.

ಮುಚ್ಚಳ ತೆರೆದಿದೆ, ಆದರೂ ನಡೆಯುತ್ತಿಲ್ಲ ಅಂದರೆ ರೋಗಿ ಈಗಷ್ಟೇ ಎಕ್ಸ್‌ರೇಗೆ ಹೋಗಿ ಬಂದರಾ ಕೇಳಿ. ಸ್ಟ್ರೆಚರ್ ಮೇಲೆ ಬಾಟಲಿಯನ್ನು ಹೊಟ್ಟೆ ಮೇಲೆ ಮಲಗಿಸಿಕೊಂಡು ಹೋಗುತ್ತಾರಲ್ಲ, ಆಗ ನೀರು ಗಾಳಿರಂಧ್ರದ ಫಿಲ್ಟರಿಗೆ ನುಗ್ಗಿ ಅದನ್ನು ಒದ್ದೆ ಮಾಡುತ್ತದೆ. ಒದ್ದೆಯಾದ ಫಿಲ್ಟರ್ ಗಾಳಿ ಬಿಡುವುದಿಲ್ಲ. ಇದನ್ನು ಕಂಡುಹಿಡಿಯಲು ನನಗೆ ವರ್ಷಗಳೇ ಬೇಕಾದವು. ಸೆಟ್ ಬದಲಾಯಿಸಿ, ಬೇರೆ ದಾರಿಯಿಲ್ಲ.

ಎತ್ತರದ ವಿಷಯ. ಪಂಪ್ ಇಲ್ಲದ ಡ್ರಿಪ್‌ನಲ್ಲಿ ನೀರನ್ನು ತಳ್ಳುವುದು ಬಾಟಲಿಯ ಎತ್ತರ ಮಾತ್ರ. ಕೈಗಿಂತ 1 ಮೀಟರ್ ಮೇಲಿದ್ದರೆ ಸುಮಾರು 74 ಎಂಎಂ ಪಾದರಸದಷ್ಟು ಒತ್ತಡ ಸಿಗುತ್ತದೆ. ಮಲಗಿರುವ ರೋಗಿಯ ಕೈಯ ನರದ ಒತ್ತಡ ಇದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ನೀರು ಒಳಗೆ ಹೋಗುತ್ತದೆ. ರೋಗಿ ಎದ್ದು ಕೂತರೆ, ಕೈ ಕೆಳಗೆ ಇಳಿಬಿಟ್ಟರೆ, ಜೋರಾಗಿ ಕೆಮ್ಮಿದರೆ, ಮಗು ಅತ್ತರೆ ಆ ಲೆಕ್ಕ ಏರುಪೇರಾಗುತ್ತದೆ. ಮಂಚ ಮೇಲಕ್ಕೆ ಏರಿಸಿ ಸ್ಟ್ಯಾಂಡ್ ಹಾಗೇ ಬಿಟ್ಟರೂ ಅಷ್ಟೇ. ಕಿಟಕಿಯ ಸರಳಿಗೆ ಬಾಟಲಿ ಕಟ್ಟಿರುವ ಕಡೆ ಇದನ್ನು ವಿಶೇಷವಾಗಿ ನೋಡಿ.

ಹನಿ ಬೀಳುವ ಚೇಂಬರ್ ಪೂರ್ತಿ ತುಂಬಿದ್ದರೆ ಡ್ರಿಪ್ ನಡೆಯುತ್ತಿದ್ದರೂ ನಿಂತ ಹಾಗೆ ಕಾಣುತ್ತದೆ. ರೋಲರ್ ಮುಚ್ಚಿ, ಬಾಟಲಿ ತಲೆಕೆಳಗೆ ಮಾಡಿ, ಚೇಂಬರ್ ಹಿಸುಕಿ ಸ್ವಲ್ಪ ನೀರು ವಾಪಸ್ ಕಳಿಸಿ. ಅರ್ಧದಷ್ಟು ಇರಲಿ.

ಎಲ್ಲ ಸರಿ, ಆದರೂ ನಿಧಾನ

ಆಗ ಕ್ಯಾನುಲಾದ ಬಣ್ಣ ನೋಡಿ. ಹಸಿರು 18 ಗೇಜ್, ಪಿಂಕ್ 20, ನೀಲಿ 22, ಹಳದಿ 24. ನಂಬರ್ ಏರಿದಂತೆ ಕೊಳವೆ ಸಣ್ಣ. ಪ್ವಾಸೆಯ್ ಅನ್ನುವ ಫ್ರೆಂಚ್ ವೈದ್ಯರು 1840ರ ದಶಕದಲ್ಲಿ ಕೂದಲಿನಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮವೇ ಇವತ್ತಿಗೂ ನಮ್ಮ ವಾರ್ಡಿನಲ್ಲಿ ನಡೆಯುವುದು. ಕೊಳವೆಯ ಅಗಲ ಎರಡು ಪಟ್ಟಾದರೆ ಹರಿವು ಎರಡಲ್ಲ, ನಾಲ್ಕೂ ಅಲ್ಲ, 16 ಪಟ್ಟಾಗುತ್ತದೆ. ಉದ್ದ ಎರಡು ಪಟ್ಟಾದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಶಾಕ್ ಆಗಿರುವ (ರಕ್ತದೊತ್ತಡ ತೀರಾ ಕುಸಿದ) ರೋಗಿಗೆ ಹಳದಿ ಕ್ಯಾನುಲಾ ಹಾಕಿ ಬಾಟಲಿಯನ್ನು ಎಷ್ಟು ಮೇಲೆತ್ತಿದರೂ, ಕೈಯಲ್ಲಿ ಎಷ್ಟು ಹಿಸುಕಿದರೂ ಉಪಯೋಗ ಕಡಿಮೆ. ಮೊಣಕೈಯಲ್ಲಿ ಒಂದು ಗಿಡ್ಡ ಹಸಿರು ಕ್ಯಾನುಲಾ ಸಿಕ್ಕರೆ ಅದು ಹೃದಯದ ಹತ್ತಿರದ ದೊಡ್ಡ ನರಕ್ಕೆ ಹಾಕುವ, ಅದೇ ಗೇಜಿನ ಉದ್ದನೆಯ ಸೆಂಟ್ರಲ್ ಲೈನಿಗಿಂತಲೂ ಬೇಗ ನೀರು ಕೊಡುತ್ತದೆ. ಬೇಕಿಲ್ಲದ ಎಕ್ಸ್‌ಟೆನ್ಷನ್ ಟ್ಯೂಬುಗಳನ್ನೂ ತೆಗೆಯಿರಿ.

ಕೊಡುತ್ತಿರುವ ದ್ರವ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರಕ್ತ ಸಲೈನಿಗಿಂತ ಮಂದ, ಅದೂ ಫ್ರಿಜ್‌ನಿಂದ ಈಗಷ್ಟೇ ತೆಗೆದ ಪ್ಯಾಕ್ಡ್ ಸೆಲ್ಸ್ (ಬೇರ್ಪಡಿಸಿದ ಕೆಂಪು ರಕ್ತಕಣ) ಇನ್ನೂ ಮಂದ. ತಣ್ಣನೆಯ ದ್ರವಕ್ಕೆ ನರವೂ ಬಿಗಿದುಕೊಳ್ಳುತ್ತದೆ. ನರದ ಮೇಲೆ ಬೆಚ್ಚಗಿನ ಬಟ್ಟೆ ಇಟ್ಟರೆ ಸಡಿಲವಾಗುತ್ತದೆ. ಆದರೆ ರಕ್ತದ ಚೀಲವನ್ನು ಬಿಸಿನೀರಿನಲ್ಲಿ ಅದ್ದುವುದು ಬೇಡವೇ ಬೇಡ, ರಕ್ತಕಣ ಒಡೆಯುತ್ತವೆ. ಚೀಲ ಶುರು ಮಾಡಿದ 4 ಗಂಟೆಯೊಳಗೆ ಮುಗಿಯಬೇಕು, ಆದ್ದರಿಂದ ನಿಧಾನವಾಗಿದೆ ಅಂತ ಮೊದಲ ಗಂಟೆಯಲ್ಲೇ ಗಮನಿಸಿ. ಮ್ಯಾನಿಟಾಲ್ 20% ಬಾಟಲಿಯಲ್ಲಿ ಚಳಿಗಾಲದ ಬೆಳಗ್ಗೆ ಸಕ್ಕರೆ ಹರಳಿನಂಥದ್ದು ಕೂತಿರುತ್ತದೆ. ಬೆಳಕಿಗೆ ಹಿಡಿದು ನೋಡದೆ ಏರಿಸಬೇಡಿ.

ಟ್ಯೂಬಿನಲ್ಲಿ ಹಾಲಿನಂತೆ ಬಿಳಿ ಕಂಡರೆ ಎರಡು ಔಷಧಿ ಕೂಡಿ ಗಟ್ಟಿಯಾಗಿವೆ. ಸೆಫ್ಟ್ರಿಯಾಕ್ಸೋನ್ ಜೊತೆ ಆರ್‌ಎಲ್ ಸೇರಿದರೆ ಹೀಗಾಗುತ್ತದೆ, ನವಜಾತ ಶಿಶುವಿನಲ್ಲಿ ಇದು ಪ್ರಾಣಕ್ಕೇ ಅಪಾಯ. ಫೆನಿಟಾಯಿನ್ ಡೆಕ್ಸ್‌ಟ್ರೋಸ್ ಜೊತೆ ಸೇರಿದರೂ ಅಷ್ಟೇ. ರಕ್ತದ ಲೈನಿನಲ್ಲಿ ಎನ್‌ಎಸ್ ಬಿಟ್ಟು ಬೇರೇನೂ ಬೇಡ, ಆರ್‌ಎಲ್‌ನ ಕ್ಯಾಲ್ಸಿಯಂಗೆ ರಕ್ತ ಹೆಪ್ಪುಗಟ್ಟುತ್ತದೆ. ಇಂಥ ಲೈನನ್ನು ಫ್ಲಶ್ ಮಾಡಿ ಸರಿಮಾಡಲು ಹೋಗಬೇಡಿ. ಲೈನ್ ನಿಲ್ಲಿಸಿ, ಎಲ್ಲ ಬದಲಾಯಿಸಿ, ಡಾಕ್ಟರಿಗೆ ತಿಳಿಸಿ.

ಪಂಪ್ ಇದ್ದರೆ ಒಂದು ಮಾತು: ಅದು ಅಲಾರಂ ಹೊಡೆದಾಗ ಸೈಲೆಂಟ್ ಒತ್ತಿ ಬರಬೇಡಿ. ಅಲಾರಂ ಹೊಡೆಯದಿದ್ದರೂ ಕೈ ನೋಡಿ, ಯಾಕೆಂದರೆ ಊತದೊಳಕ್ಕೂ ಪಂಪ್ ತಳ್ಳುತ್ತಲೇ ಇರುತ್ತದೆ.

ಈಗ ರೋಲರ್

ಕಾರಣ ಸಿಕ್ಕಿ ಸರಿಮಾಡಿದ ಮೇಲೆ ಹನಿ ಎಣಿಸಿ ರೋಲರ್ ಹೊಂದಿಸಿ. ಸೆಟ್‌ನ ಕವರ್ ಮೇಲೆ 1 ಎಂಎಲ್‌ಗೆ ಎಷ್ಟು ಹನಿ ಅಂತ ಬರೆದಿರುತ್ತದೆ, ಸಾಮಾನ್ಯ ಸೆಟ್ 20, ಕೆಲವು 15, ಮೈಕ್ರೋ ಸೆಟ್ 60. ಎಂಎಲ್ ಅನ್ನು ಆ ನಂಬರಿನಿಂದ ಗುಣಿಸಿ, ಒಟ್ಟು ನಿಮಿಷದಿಂದ ಭಾಗಿಸಿ. 500 ಎಂಎಲ್ 4 ಗಂಟೆಗೆ ಅಂದರೆ 10,000 ಭಾಗಿಸು 240, ನಿಮಿಷಕ್ಕೆ 42 ಹನಿ. ಮೈಕ್ರೋ ಸೆಟ್‌ನಲ್ಲಿ ಲೆಕ್ಕವೇ ಬೇಡ, ಗಂಟೆಗೆ 40 ಎಂಎಲ್ ಬೇಕಾದರೆ ನಿಮಿಷಕ್ಕೆ 40 ಹನಿ. ಒಂದು ಸೆಟ್ ತೆಗೆದು ಇನ್ನೊಂದು ಬಗೆಯದು ಹಾಕಿದರೆ ಹಳೇ ಹನಿ ಲೆಕ್ಕ ನಡೆಯುವುದಿಲ್ಲ. ರೋಲರ್ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಒತ್ತಿದ್ದರೆ ಅಲ್ಲಿ ಟ್ಯೂಬು ಚಪ್ಪಟೆಯಾಗಿರುತ್ತದೆ, ಸ್ವಲ್ಪ ಮೇಲೆ ಅಥವಾ ಕೆಳಗೆ ಸರಿಸಿ ಹೊಂದಿಸಿ.

ನಾಲ್ಕು ಗಂಟೆ ತಡವಾಯಿತು, ಉಳಿದದ್ದನ್ನು ಬೇಗ ಓಡಿಸಿ ಮುಗಿಸೋಣ ಅನ್ನಿಸುತ್ತದೆ. ಬೇಡ. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಡಾಕ್ಟರಿಗೆ ಹೇಳಿ, ಹೊಸ ರೇಟ್ ಬರೆಸಿಕೊಳ್ಳಿ. ಡೆಂಗ್ಯೂ ರೋಗಿಗೆ ಜಾಸ್ತಿ ಹೋದ ನೀರು ಪುಪ್ಪುಸದ ಸುತ್ತ ಹೋಗಿ ನಿಲ್ಲುತ್ತದೆ. ಪೊಟ್ಯಾಷಿಯಂ ಸೇರಿಸಿದ ಬಾಟಲಿ ಓಡಿಸಿದರೆ ಹೃದಯವೇ ನಿಲ್ಲಬಹುದು. ಜೊತೆಗಿರುವವರಿಗೂ ಇದನ್ನು ಬಿಡಿಸಿ ಹೇಳಿ: ಬಾಟ್ಲಿ ನಿಂತರೆ ನಮ್ಮನ್ನು ಕರೆಯಿರಿ, ಎಷ್ಟು ಸಲ ಬೇಕಾದರೂ ಕರೆಯಿರಿ, ಆ ಚಕ್ರ ಮಾತ್ರ ಮುಟ್ಟಬೇಡಿ.

ಬಾಟಲಿ ಮೇಲೆ ಉದ್ದಕ್ಕೆ ಒಂದು ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆಗಂಟೆಯ ಗೆರೆ ಹಾಕಿ. ದೂರದಿಂದಲೇ ಗೊತ್ತಾಗುತ್ತದೆ. ಹದಿನೈದು ನಿಮಿಷ ಬಿಟ್ಟು ಬಂದು ಮತ್ತೆ ಎಣಿಸಿ. ಕ್ಯಾನುಲಾ ಮೊಣಕೈ ಅಥವಾ ಮಣಿಕಟ್ಟಿನಲ್ಲಿದ್ದರೆ ಎರಡು ಸಲ ಎಣಿಸಿ, ಕೈ ಮಡಚಿದಾಗ ಒಮ್ಮೆ, ನೀಟ ಮಾಡಿದಾಗ ಒಮ್ಮೆ. ರೋಲರ್ ಹೊಂದಿಸಬೇಕಾದದ್ದು ನೀಟ ಇರುವಾಗಿನ ಲೆಕ್ಕಕ್ಕೆ.